ದೊಡ್ಡಕ್ಷರಕ್ಕೆ ದೊಡ್ಡಸ್ತಿಕೆ ಬೇಡ

ಕೋಲ್ಕತ್ತದ ಸಿಯಾಲ್ದಾ ರೈಲು ನಿಲ್ದಾಣದ ಬಳಿಯಿಂದ ಉತ್ತರಕ್ಕೆ ಹೋಗುವ ದೊಡ್ಡ ರಸ್ತೆಗೆ ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಅವರ ಹೆಸರಿದೆ. ದಕ್ಷಿಣಕ್ಕೆ ಹೋಗುವ ರಸ್ತೆಗೆ ಭೌತವಿಜ್ಞಾನಿ ಜಗದೀಶಚಂದ್ರ ಬೋಸ್ ಅವರ ಹೆಸರಿದೆ. ಬ್ರಿಟಿಷರ ಕಾಲದಲ್ಲಿ ಇವು ಅಪ್ಪರ್ ಸರ್ಕ್ಯುಲರ್ ರೋಡ್, ಲೋಯರ್ ಸರ್ಕ್ಯುಲರ್ ರೋಡ್ ಆಗಿದ್ದವು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದ ಈ ಇಬ್ಬರನ್ನೂ ಬಂಗಾಳಿಗಳು ಆಚಾರ್ಯರೆಂದೇ ಕರೆಯುತ್ತಾರೆ. ಮರುನಾಮಕರಣವಾದಾಗ ರಸ್ತೆಯ ಹೆಸರಿನೊಳಗೂ ಆಚಾರ್ಯ ಪದ ಸೇರಿಕೊಂಡಿತು. ಇವತ್ತು ಇಂಗ್ಲಿಷ್ ವಿಳಾಸಗಳಲ್ಲಿ, ಅಂಗಡಿಯ ಬೋರ್ಡುಗಳಲ್ಲಿ ಉಳಿದಿರುವುದು ಎಪಿಸಿ ರೋಡ್ ಮತ್ತು ಎಜೆಸಿ ಬೋಸ್ ರೋಡ್. ಅಲ್ಲೇ ಪಕ್ಕದ ನೀಲರತನ್ ಸರ್ಕಾರ್ ವೈದ್ಯಕೀಯ ಕಾಲೇಜು ಎಲ್ಲರ ಬಾಯಲ್ಲೂ ಎನ್‌ಆರ್‌ಎಸ್. ಈ ಮೊಟಕು ಹೆಸರುಗಳಲ್ಲಿರುವ ಅಕ್ಷರಗಳೆಲ್ಲ ಕ್ಯಾಪಿಟಲ್. ದೊಡ್ಡಕ್ಷರವೇ ಗೌರವವಾಗಿದ್ದರೆ ಈ ಮೂವರಿಗಿಂತ ಹೆಚ್ಚಿನ ಗೌರವ ಇನ್ನಾರಿಗೂ ದಕ್ಕಿರಬಾರದು. ಆದರೆ ಮೊದಲಿನ ಆ ಎ ಅಕ್ಷರವನ್ನು ನೋಡಿ ಆಚಾರ್ಯರನ್ನು ನೆನೆಯುವವರು ಎಷ್ಟು ಮಂದಿ?

ಈ ಪ್ರಶ್ನೆ ಎತ್ತುವುದಕ್ಕೆ ಕಾರಣವಿದೆ. ಇಂಗ್ಲಿಷ್ ಬರೆಯುವ ಭಾರತೀಯರಲ್ಲಿ ಗಟ್ಟಿಯಾಗಿ ಬೇರೂರಿದ ಒಂದು ನಂಬಿಕೆ ಎಂದರೆ, ಪದವಿಯ ಹೆಸರನ್ನು ಸಣ್ಣಕ್ಷರದಲ್ಲಿ ಬರೆದರೆ ಆ ಪದವಿಯಲ್ಲಿರುವವರಿಗೆ ಅವಮಾನವಾಗುತ್ತದೆ ಎಂಬುದು. ಚೀಫ್ ಮಿನಿಸ್ಟರ್ ಎಂಬಲ್ಲಿ ಸಿ ಮತ್ತು ಎಂ ಎರಡೂ ದೊಡ್ಡದಾಗಿರಬೇಕು. ಡೆಪ್ಯುಟಿ ಕಮಿಷನರ್, ಹೆಡ್‌ಮಾಸ್ಟರ್, ಮ್ಯಾನೇಜರ್, ಪ್ರಿನ್ಸಿಪಾಲ್, ಕೊನೆಗೆ ಸೊಸೈಟಿಯ ಸೆಕ್ರೆಟರಿ ಕೂಡ ವಾಕ್ಯದ ಯಾವ ಮೂಲೆಯಲ್ಲಿ ಬಂದರೂ ದೊಡ್ಡಕ್ಷರದಲ್ಲೇ ಬರಬೇಕು. ಕಚೇರಿಯ ಟಿಪ್ಪಣಿ, ಸುತ್ತೋಲೆ, ಆಹ್ವಾನ ಪತ್ರಿಕೆ, ಶಾಲೆಯ ವಾರ್ಷಿಕ ವರದಿ, ಎಲ್ಲ ಕಡೆಯೂ ಇದೇ ಪದ್ಧತಿ. ಸಣ್ಣಕ್ಷರ ಕಂಡರೆ ಮೇಲಧಿಕಾರಿ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ತಿದ್ದಿಸಿಕೊಂಡ ಗುಮಾಸ್ತ ಮುಂದಿನ ಸಲ ಕೇಳದೆಯೇ ಎಲ್ಲವನ್ನೂ ದೊಡ್ಡದು ಮಾಡುತ್ತಾನೆ. ಇದು ಬರೀ ಅಚ್ಚಿನ ಚಾಳಿಯಾಗಿದ್ದರೆ ಖಂಡಿಸುವ ಅಗತ್ಯವಿರಲಿಲ್ಲ. ಇದರ ಹಿಂದಿರುವ ತಿಳಿವಳಿಕೆಯೇ ತಪ್ಪು, ಮತ್ತು ಆ ತಪ್ಪು ತಿಳಿವಳಿಕೆಯಿಂದ ಬರವಣಿಗೆಗೂ ಓದುಗರಿಗೂ ನಷ್ಟವಿದೆ ಎಂಬುದು ಈ ಲೇಖನದ ವಾದ. ದೊಡ್ಡಕ್ಷರ ಹೆಸರಿನ ಗುರುತು. ಗೌರವದ ಲೆಕ್ಕ ಇಡುವುದು ಅದರ ಕೆಲಸವಲ್ಲ.

ಗುರುತು ಎಂದರೆ ಏನು ಎನ್ನುವುದಕ್ಕೆ ಕೋಲ್ಕತ್ತದಲ್ಲೇ ಚೊಕ್ಕ ಉದಾಹರಣೆಯಿದೆ. 2001ರ ಜನವರಿ 1ರಿಂದ ಆ ಊರಿನ ಇಂಗ್ಲಿಷ್ ಹೆಸರು ಕ್ಯಾಲ್ಕಟಾ ಹೋಗಿ ಕೋಲ್ಕತ್ತ ಆಯಿತು. ಆದರೆ 1862ರಲ್ಲಿ ಸ್ಥಾಪನೆಯಾದ ಉಚ್ಚ ನ್ಯಾಯಾಲಯದ ಹೆಸರು ಬದಲಾಗಲಿಲ್ಲ. ಅದು ಇಂದಿಗೂ ಕ್ಯಾಲ್ಕಟಾ ಹೈಕೋರ್ಟ್. ಉಚ್ಚ ನ್ಯಾಯಾಲಯಗಳ ಹೆಸರು ಬದಲಿಸಲೆಂದು 2016ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆ ಕಾನೂನಾಗಲಿಲ್ಲ. ಹೀಗಾಗಿ ಇಂಗ್ಲಿಷಿನಲ್ಲಿ ಅದೇ ನ್ಯಾಯಾಲಯವನ್ನು ಎರಡು ರೀತಿಯಲ್ಲಿ ಹೇಳಬಹುದು. ಕ್ಯಾಲ್ಕಟಾ ಹೈಕೋರ್ಟ್ ಎಂದು ಬರೆದಾಗ ಹೈ ಮತ್ತು ಕೋರ್ಟ್ ಎರಡಕ್ಕೂ ದೊಡ್ಡಕ್ಷರ ಬೇಕು, ಏಕೆಂದರೆ ಅದು ಸಂಸ್ಥೆಯ ಹೆಸರು. ಕೋಲ್ಕತ್ತದಲ್ಲಿರುವ ಹೈಕೋರ್ಟ್ ಎಂದು ವಿವರಿಸಿ ಬರೆದಾಗ ಅದೇ ಎರಡು ಪದಗಳಿಗೆ ಸಣ್ಣಕ್ಷರ ಸಾಕು, ಏಕೆಂದರೆ ಅಲ್ಲಿ ಹೇಳಿದ್ದು ಅದು ಎಂಥ ನ್ಯಾಯಾಲಯ, ಎಲ್ಲಿದೆ ಎಂಬುದನ್ನು ಮಾತ್ರ. ಎರಡೂ ವಾಕ್ಯಗಳಲ್ಲಿ ಕಟ್ಟಡ ಒಂದೇ, ನ್ಯಾಯಮೂರ್ತಿಗಳು ಅವರೇ, ಘನತೆಯೂ ಅಷ್ಟೇ. ಒಂದು ಕಡೆ ಹೆಸರು ಹೇಳಿದೆವು, ಇನ್ನೊಂದು ಕಡೆ ವಿವರಣೆ ಕೊಟ್ಟೆವು, ಬದಲಾದದ್ದು ಇಷ್ಟೇ.

ರೈಲ್ವೆಯದು ಇನ್ನೂ ಸ್ವಾರಸ್ಯದ ಸಂಗತಿ. ಸಿಯಾಲ್ದಾ ವಿಭಾಗ ಸೇರಿರುವುದು 1952ರ ಏಪ್ರಿಲ್ 14ರಂದು ರಚನೆಯಾದ ಈಸ್ಟರ್ನ್ ರೈಲ್ವೆಗೆ. 1955ರ ಆಗಸ್ಟ್ 1ರಂದು ಅದರಿಂದ ಒಡೆದು ಸೌತ್ ಈಸ್ಟರ್ನ್ ರೈಲ್ವೆ ಆಯಿತು. ಅದರ ಪ್ರಧಾನ ಕಚೇರಿಯೂ ಕೋಲ್ಕತ್ತದಲ್ಲೇ, ಗಾರ್ಡನ್ ರೀಚ್‌ನಲ್ಲಿದೆ. ಸಿಯಾಲ್ದಾದಿಂದ ದಕ್ಷಿಣದ ಕ್ಯಾನಿಂಗ್ ಕಡೆಗೆ ಹೋಗುವ ಲೋಕಲ್ ರೈಲುಗಳು ಹೊರಡುವುದು ಸಿಯಾಲ್ದಾ ಸೌತ್‌ನಿಂದ, ಆದರೆ ಅವು ಓಡುವುದು ಈಸ್ಟರ್ನ್ ರೈಲ್ವೆಯಲ್ಲಿ. ಇವಲ್ಲದೆ ಹಾಜಿಪುರದ ಈಸ್ಟ್ ಸೆಂಟ್ರಲ್, ಭುವನೇಶ್ವರದ ಈಸ್ಟ್ ಕೋಸ್ಟ್, ಬಿಲಾಸಪುರದ ಸೌತ್ ಈಸ್ಟ್ ಸೆಂಟ್ರಲ್ ಇವೆ. ಗೋರಖಪುರದಲ್ಲಿ ಪ್ರಧಾನ ಕಚೇರಿಯುಳ್ಳ ನಾರ್ತ್ ಈಸ್ಟರ್ನ್ ರೈಲ್ವೆಗೂ ಈಶಾನ್ಯ ರಾಜ್ಯಗಳಿಗೂ ಸಂಬಂಧವಿಲ್ಲ. ಅಸ್ಸಾಮಿನಲ್ಲಿ ಓಡುವುದು ನಾರ್ತ್‌ಈಸ್ಟ್ ಫ್ರಾಂಟಿಯರ್ ರೈಲ್ವೆ. ಇಂಗ್ಲಿಷ್ ವರದಿಯಲ್ಲಿ ಈಸ್ಟರ್ನ್ ಎಂಬುದು ದೊಡ್ಡಕ್ಷರದಲ್ಲಿದ್ದರೆ ಅದು ಒಂದು ನಿರ್ದಿಷ್ಟ ಸಂಸ್ಥೆ. ಸಣ್ಣಕ್ಷರದಲ್ಲಿದ್ದರೆ ದೇಶದ ಪೂರ್ವ ಭಾಗದ ಯಾವ ರೈಲು ವ್ಯವಸ್ಥೆಯೂ ಆಗಬಹುದು. ಪರಿಹಾರದ ಅರ್ಜಿ ಯಾವ ಕಚೇರಿಗೆ ಹೋಗಬೇಕು, ಅಪಘಾತದ ಹೊಣೆ ಯಾರದು ಎಂಬ ವ್ಯತ್ಯಾಸ ಆ ಒಂದು ಅಕ್ಷರದಲ್ಲಿ ಅಡಗಿರುತ್ತದೆ. ನೆಲದ ಮೇಲೆ ಇಂಥ ಕೆಲಸ ಮಾಡುವ ಗುರುತನ್ನು ನಾವು ಸಿಕ್ಕಸಿಕ್ಕವರ ಕೊರಳಿಗೆ ಹಾಕುವ ಶಾಲು ಮಾಡಿಕೊಂಡರೆ, ಬೇಕಾದಾಗ ಅದು ಕೆಲಸಕ್ಕೆ ಬರುವುದಿಲ್ಲ.

ಇಂಗ್ಲಿಷಿನ ಚರಿತ್ರೆಯೂ ಗೌರವದ ವಾದಕ್ಕೆ ಒತ್ತಾಸೆ ಕೊಡುವುದಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿ ನಾಮಪದಗಳಿಗೆಲ್ಲ ಧಾರಾಳವಾಗಿ ದೊಡ್ಡಕ್ಷರ ಹಾಕುವ ರೂಢಿಯಿತ್ತು. ರಾಜನಿಗೆ ಹೇಗೋ ಕಳ್ಳನಿಗೂ ಹಾಗೆಯೇ, ದೇಗುಲಕ್ಕೆ ಹೇಗೋ ಕಸಬರಿಗೆಗೂ ಹಾಗೆಯೇ. ಆ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲಿಷ್ ಆ ಅಭ್ಯಾಸ ಬಿಟ್ಟಿತು. ಜರ್ಮನ್ ಇವತ್ತಿಗೂ ಬಿಟ್ಟಿಲ್ಲ. ಜರ್ಮನ್ನರು ನಾಯಿ ಎಂಬ ಪದಕ್ಕೂ ದೊಡ್ಡಕ್ಷರ ಹಾಕುತ್ತಾರೆ, ನಾಯಿಗೆ ನಮಸ್ಕಾರ ಮಾಡುತ್ತಾರೆಂದು ಯಾರೂ ಹೇಳುವುದಿಲ್ಲ. ಕ್ಯಾಲ್ಕಟಾದಲ್ಲಿ ಹಿಕ್ಕಿ ಎಂಬಾತ ತನ್ನ ಬೆಂಗಾಲ್ ಗೆಜೆಟ್ ಪತ್ರಿಕೆ ಹೊರಡಿಸಿದ್ದು 1780ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರು ಕಡತದ ಮೇಲೆ ಕಡತ ಬರೆದದ್ದು ಆ ಕಾಲದಲ್ಲೇ. ನಮ್ಮ ಕಚೇರಿಗಳ ಇಂಗ್ಲಿಷಿಗೆ ಅಡಿಪಾಯ ಬಿದ್ದದ್ದು ಆ ಬರವಣಿಗೆಯಲ್ಲಿ. ಇಂಗ್ಲೆಂಡಿನಲ್ಲಿ ರೂಢಿ ಸತ್ತರೂ ಅದರ ಪಳೆಯುಳಿಕೆ ನಮ್ಮ ಕಡತಗಳಲ್ಲಿ ಉಳಿಯಿತು, ಮತ್ತು ಬರೀ ರೂಢಿಯಾಗಿದ್ದದ್ದಕ್ಕೆ ನಾವು ಶಿಷ್ಟಾಚಾರದ ಅರ್ಥ ಕೊಟ್ಟೆವು ಎಂದು ನನಗೆ ತೋರುತ್ತದೆ. ಇವತ್ತಿನ ಇಂಗ್ಲಿಷ್ ಎತ್ತ ಹೋಗಿದೆ ನೋಡಿ: ಬರವಣಿಗೆಯ ಶೈಲಿಗೆ ಮೀಸಲಾದ ಶಿಕಾಗೊ ಕೈಪಿಡಿಯ ಪ್ರಕಾರ ಹೆಸರಿಗೆ ಮುಂಚೆ ಅಂಟಿಕೊಂಡು ಬಂದ ಪದವಿಗೆ ದೊಡ್ಡಕ್ಷರ, ಒಂಟಿಯಾಗಿ ಬಂದರೆ ಸಣ್ಣಕ್ಷರ. ಗಾರ್ಡಿಯನ್ ಪತ್ರಿಕೆ ಒಂದು ಹೆಜ್ಜೆ ಮುಂದೆ ಹೋಗಿ, ಹೆಸರಿನೊಂದಿಗೆ ಬಂದರೂ ಪ್ರಧಾನಿ ಪದವನ್ನು ಸಣ್ಣಕ್ಷರದಲ್ಲೇ ಬರೆಯುತ್ತದೆ. ಬ್ರಿಟನ್ನಿನ ಪ್ರಧಾನಿಯ ಅಧಿಕಾರ ಅದರಿಂದ ಕೂದಲೆಳೆಯಷ್ಟೂ ಕುಗ್ಗಿಲ್ಲ.

ಹಾಗಾದರೆ ಈ ನಂಬಿಕೆ ನಮ್ಮಲ್ಲಿ ಇಷ್ಟು ಬಿಗಿಯಾಗಿ ನಿಂತಿರುವುದು ಯಾಕೆ? ಬರೆಯುವವರ ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ಸರಿಯಾದ ಉತ್ತರವಲ್ಲ. ನಮ್ಮ ಭಾಷೆಗಳಲ್ಲಿ ಗೌರವಕ್ಕೆ ವ್ಯಾಕರಣದಲ್ಲೇ ಜಾಗವಿದೆ. ಕನ್ನಡದಲ್ಲಿ ಹುಡುಗ ಬಂದ, ಮೇಷ್ಟ್ರು ಬಂದರು. ಕ್ರಿಯಾಪದವೇ ಮರ್ಯಾದೆ ಹೊತ್ತು ಬರುತ್ತದೆ. ನೀನು, ನೀವು, ತಾವು ಎಂದು ಮೆಟ್ಟಿಲುಗಳಿವೆ. ಬಂಗಾಳಿಯಲ್ಲಿ ತುಯಿ, ತುಮಿ, ಆಪನಿ ಎಂದು ಮೂರು ಮೆಟ್ಟಿಲು, ಪ್ರತಿಯೊಂದಕ್ಕೂ ಬೇರೆ ಕ್ರಿಯಾರೂಪ. ಅಷ್ಟೇ ಅಲ್ಲ, ಬಂಗಾಳಿ ಲಿಪಿಯಲ್ಲಿ ಗೌರವಕ್ಕೆ ಕಣ್ಣಿಗೆ ಕಾಣುವ ಚಿಹ್ನೆಯೂ ಇದೆ: ತಾರ್ ಎಂದರೆ ಅವನ ಅಥವಾ ಅವಳ, ಅದೇ ಪದದ ನೆತ್ತಿಯ ಮೇಲೆ ಒಂದು ಚಂದ್ರಬಿಂದು ಇಟ್ಟರೆ ಅವರ ಎಂದಾಗುತ್ತದೆ. ಆ ಪುಟ್ಟ ಚುಕ್ಕೆಯನ್ನು ಮರೆತರೆ ಹಿರಿಯರನ್ನು ಏಕವಚನದಲ್ಲಿ ಕರೆದಂತೆ. ಇಂಥ ಭಾಷೆಯಲ್ಲಿ ಬೆಳೆದ ಮನಸ್ಸು ಇಂಗ್ಲಿಷಿಗೆ ಬಂದರೆ ಅಲ್ಲಿ ಗೌರವಕ್ಕೆ ಕಟ್ಟಿಕೊಟ್ಟ ಮನೆಯೇ ಇಲ್ಲ. ಮಂತ್ರಿಗೂ ಜವಾನನಿಗೂ ಒಂದೇ ಯೂ, ಒಂದೇ ಕೇಮ್. ಬಾಯಿಗೆ ಬಂದ ಮರ್ಯಾದೆಯನ್ನು ಕಾಗದದ ಮೇಲೆ ಎಲ್ಲಿಡುವುದೆಂದು ಹುಡುಕಿದಾಗ ಕಣ್ಣಿಗೆ ಬೀಳುವುದು ದೊಡ್ಡಕ್ಷರ. ಹುಡುಕಾಟ ಸಹಜವೇ. ಸಿಕ್ಕಿದ್ದು ಮಾತ್ರ ಬೇರೆ ಕೆಲಸಕ್ಕೆ ನೇಮಕವಾದ ಅಕ್ಷರ.

ಅದು ಗೌರವಕ್ಕೆ ಒಗ್ಗುವುದಿಲ್ಲ ಎಂಬುದನ್ನು ಇಂಗ್ಲಿಷಿನ ಸರ್ವನಾಮಗಳೇ ತೋರಿಸುತ್ತವೆ. ನಾನು ಎಂಬರ್ಥದ ಐ ವಾಕ್ಯದ ನಡುವೆ ಬಂದರೂ ದೊಡ್ಡಕ್ಷರ. ನೀವು ಎಂಬರ್ಥದ ಯೂ ಯಾವಾಗಲೂ ಸಣ್ಣಕ್ಷರ. ದೊಡ್ಡಕ್ಷರ ಗೌರವಸೂಚಕ ಎಂದು ಒಪ್ಪಿದರೆ ಇಂಗ್ಲಿಷಿನಲ್ಲಿ ಬರೆಯುವ ಪ್ರತಿಯೊಬ್ಬನೂ ತನಗೆ ತಾನೇ ನಮಸ್ಕರಿಸಿಕೊಂಡು ಎದುರಿಗಿರುವವರನ್ನು ಕಡೆಗಣಿಸುತ್ತಿದ್ದಾನೆ ಎಂದು ಒಪ್ಪಬೇಕು. ಡೆಪ್ಯುಟಿ ಕಮಿಷನರ್ ಪದಕ್ಕೆ ಎರಡು ದೊಡ್ಡಕ್ಷರ ಹಾಕಿಯೇ ತೀರಬೇಕೆನ್ನುವ ಅದೇ ಪತ್ರದಲ್ಲಿ ಅವರನ್ನು ನೇರವಾಗಿ ಉದ್ದೇಶಿಸುವ ಯೂ ಸಣ್ಣಗೇ ಇರುತ್ತದೆ. ಅದರಿಂದ ಯಾರೂ ನೊಂದುಕೊಳ್ಳುವುದಿಲ್ಲ.

ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಪ್ರೆಸಿಡೆಂಟ್, ಗವರ್ನರ್, ಚೀಫ್ ಮಿನಿಸ್ಟರ್ ಎಲ್ಲ ದೊಡ್ಡಕ್ಷರದಲ್ಲೇ ಇವೆ ಎಂದು ಎದುರು ಪಕ್ಷದವರು ತೋರಿಸಬಹುದು. ನಿಜ, ಇವೆ. ಆದರೆ ಪೂರ್ತಿ ಓದಬೇಕು. ಮನಿ ಬಿಲ್ ದೊಡ್ಡಕ್ಷರದಲ್ಲಿದೆ, ಕನ್ಸಾಲಿಡೇಟೆಡ್ ಫಂಡ್ ದೊಡ್ಡಕ್ಷರದಲ್ಲಿದೆ, ಶೆಡ್ಯೂಲ್ ದೊಡ್ಡಕ್ಷರದಲ್ಲಿದೆ. ಆ ಮನಿ ಬಿಲ್ಲನ್ನು ಅಂಗೀಕರಿಸುವ ಸದನದ ಮೆಂಬರ್ ಮಾತ್ರ ಸಣ್ಣಕ್ಷರ. ಹದಿನಾಲ್ಕನೆಯ ವಿಧಿಯಲ್ಲಿ ಸಮಾನತೆಯನ್ನು ನಿರಾಕರಿಸಬಾರದ ಸ್ಟೇಟ್ ದೊಡ್ಡಕ್ಷರದಲ್ಲಿದೆ, ಆ ಸಮಾನತೆಗೆ ಹಕ್ಕುದಾರನಾದ ಪರ್ಸನ್ ಸಣ್ಣಕ್ಷರದಲ್ಲಿದೆ. ಸಿಟಿಜನ್ ಕೂಡ ಸಣ್ಣಕ್ಷರವೇ. ಗೌರವದ ಕನ್ನಡಕ ಹಾಕಿ ನೋಡಿದರೆ ನಮ್ಮ ಸಂವಿಧಾನ ತೆರಿಗೆಯ ಮಸೂದೆಯನ್ನು ಶಾಸಕನಿಗಿಂತ, ಖಜಾನೆಯನ್ನು ಪ್ರಜೆಗಿಂತ ಮೇಲಿಟ್ಟಿದೆ ಎನ್ನಬೇಕಾಗುತ್ತದೆ. ಅಸಲು ಸಂಗತಿ ಬೇರೆ. ಹನ್ನೆರಡನೆಯ ವಿಧಿ ಸ್ಟೇಟ್ ಎಂದರೇನೆಂದು ವ್ಯಾಖ್ಯಾನಿಸುತ್ತದೆ, ನೂರಹತ್ತನೆಯ ವಿಧಿ ಮನಿ ಬಿಲ್ ಎಂದರೇನೆಂದು ಹೇಳುತ್ತದೆ. ಇಂಥ ಪದಗಳಿಗೆ ಆ ದಸ್ತಾವೇಜಿನ ಒಳಗೆ ನಿರ್ದಿಷ್ಟ ಅರ್ಥವಿದೆ ಎಂದು ಎಚ್ಚರಿಸುವುದಕ್ಕೆ ದೊಡ್ಡಕ್ಷರ. ಬಾಡಿಗೆ ಕರಾರುಪತ್ರದಲ್ಲಿ ಮಾಲೀಕನಿಗೂ ಬಾಡಿಗೆದಾರನಿಗೂ ಒಂದೇ ತೂಕದ ದೊಡ್ಡಕ್ಷರ ಬೀಳುವುದು, ವ್ಯಾಜ್ಯದಲ್ಲಿ ಅರ್ಜಿದಾರನಿಗೂ ಪ್ರತಿವಾದಿಗೂ ಬೀಳುವುದು ಇದೇ ಕಾರಣಕ್ಕೆ. ಆಪಾದಿತನಿಗೂ ದೊಡ್ಡಕ್ಷರ ಕೊಡುವ ಕೋರ್ಟಿನ ಟೈಪಿಸ್ಟ್ ಅವನನ್ನು ಸನ್ಮಾನಿಸುತ್ತಿಲ್ಲ.

ಅದೇ ಸಂವಿಧಾನದ ಹದಿನೆಂಟನೆಯ ವಿಧಿ ಬಿರುದುಗಳನ್ನೇ ರದ್ದು ಮಾಡಿತು. ಸೈನಿಕ ಮತ್ತು ವಿದ್ವತ್ತಿನ ಮನ್ನಣೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಭಾರತ ರತ್ನ, ಪದ್ಮ ಪ್ರಶಸ್ತಿಗಳು ಈ ನಿಷೇಧಕ್ಕೆ ಒಳಪಡುತ್ತವೆಯೇ ಎಂಬ ಪ್ರಶ್ನೆ ಬಾಲಾಜಿ ರಾಘವನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಡಿಸೆಂಬರಿನಲ್ಲಿ ಬಂದ ತೀರ್ಪು ಅವು ಬಿರುದುಗಳಲ್ಲ ಎಂದಿತು, ಆದ್ದರಿಂದಲೇ ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು ಎಂದೂ ಹೇಳಿತು. ಆದರೂ ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ಪದ್ಮಶ್ರೀ ಎಂಬುದು ಹೆಸರಿನ ಮುಂದೆ ದಪ್ಪ ದೊಡ್ಡಕ್ಷರದಲ್ಲಿ ಕುಳಿತೇ ಇರುತ್ತದೆ. ಗಣರಾಜ್ಯ ಮಾತ್ರ ಬೇರೆ ದಿಕ್ಕಿನಲ್ಲಿ ಹೆಜ್ಜೆ ಹಾಕುತ್ತಿದೆ. ನ್ಯಾಯಾಧೀಶರನ್ನು ಮೈ ಲಾರ್ಡ್ ಎನ್ನುವ ವಸಾಹತು ಕಾಲದ ಸಂಬೋಧನೆಗೆ ಬದಲಿ ಸಂಬೋಧನೆಗಳನ್ನು ಬಾರ್ ಕೌನ್ಸಿಲ್ 2006ರಲ್ಲಿ ಸೂಚಿಸಿತು. ಬಂಗಾಳದವರೇ ಆದ ಪ್ರಣವ್ ಮುಖರ್ಜಿ ರಾಷ್ಟ್ರಪತಿಯಾದ ವರ್ಷವೇ, 2012ರಲ್ಲಿ, ದೇಶದೊಳಗಿನ ಸಮಾರಂಭಗಳಲ್ಲಿ ತಮ್ಮನ್ನು ಹಿಸ್ ಎಕ್ಸಲೆನ್ಸಿ ಎನ್ನುವುದನ್ನು ಕೈಬಿಡಿಸಿದರು. 2020ರಲ್ಲಿ ಕ್ಯಾಲ್ಕಟಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಟಿ.ಬಿ.ಎನ್. ರಾಧಾಕೃಷ್ಣನ್, ಜಿಲ್ಲಾ ನ್ಯಾಯಾಂಗದ ಅಧಿಕಾರಿಗಳೂ ರಿಜಿಸ್ಟ್ರಿಯವರೂ ತಮ್ಮನ್ನು ಸರ್ ಎಂದರೆ ಸಾಕು ಎಂದು ತಿಳಿಸಿದರು. ಹುದ್ದೆಯ ತುತ್ತತುದಿಯಲ್ಲಿದ್ದವರೇ ಭಾರ ಇಳಿಸಿಕೊಳ್ಳುತ್ತಿರುವಾಗ ತಾಲ್ಲೂಕು ಕಚೇರಿಯ ಸುತ್ತೋಲೆ ಇನ್ನೂ ಹೊರುತ್ತಲೇ ಇದೆ.

ಎದುರು ವಾದಗಳಲ್ಲಿ ತೂಕವುಳ್ಳದ್ದು ಒಂದಿದೆ. ದೊಡ್ಡಕ್ಷರಕ್ಕೂ ಮರ್ಯಾದೆಗೂ ಸಂಬಂಧವೇ ಇಲ್ಲದಿದ್ದರೆ ಅಮೆರಿಕದ ಕರಿಯರು ಅದಕ್ಕಾಗಿ ಹೋರಾಡಿದ್ದು ಏಕೆ? ಅವರಲ್ಲೊಬ್ಬ ಚಿಂತಕರಾದ ಡಬ್ಲ್ಯು.ಇ.ಬಿ. ಡುಬಾಯ್ಸ್ ತಮ್ಮ ಜನಾಂಗವನ್ನು ಸೂಚಿಸುವ ಆಗಿನ ಪದಕ್ಕೆ ದೊಡ್ಡ ಎನ್ ಬೇಕೆಂದು ಪತ್ರಿಕೆಗಳ ಬೆನ್ನು ಬಿದ್ದಿದ್ದರು. ನ್ಯೂಯಾರ್ಕ್ ಟೈಮ್ಸ್ 1930ರಲ್ಲಿ ಒಪ್ಪಿತು. 2020ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಬ್ಲ್ಯಾಕ್ ಪದಕ್ಕೆ ದೊಡ್ಡ ಬಿ ಕೊಟ್ಟಿತು. ನಮ್ಮಲ್ಲಿ ದಲಿತ ಪದದ ಇಂಗ್ಲಿಷ್ ರೂಪಕ್ಕೆ ದೊಡ್ಡ ಡಿ ಬೇಕೆನ್ನುವವರ ವಾದವೂ ಇದೇ. ಈ ಹೋರಾಟಗಳನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಅವು ನನ್ನ ಮಾತನ್ನೇ ಸಮರ್ಥಿಸುತ್ತವೆ. ಐರಿಷ್, ಇಟಾಲಿಯನ್, ಜ್ಯೂಯಿಷ್ ಎಂದು ಉಳಿದ ಜನಸಮುದಾಯಗಳ ಹೆಸರನ್ನೆಲ್ಲ ದೊಡ್ಡಕ್ಷರದಲ್ಲಿ ಬರೆಯುತ್ತ ಒಂದು ಸಮುದಾಯದ ಹೆಸರನ್ನು ಮಾತ್ರ ಬಣ್ಣದ ವಿಶೇಷಣದಂತೆ ಸಣ್ಣದಾಗಿ ಬರೆದರೆ, ಇವರಿಗೆ ಹೆಸರೇ ಇಲ್ಲ, ವಿವರಣೆ ಸಾಕು ಎಂದಂತಾಗುತ್ತದೆ. ಡುಬಾಯ್ಸ್ ಕೇಳಿದ್ದು ಇತರರಿಗಿಂತ ಹೆಚ್ಚಿನದನ್ನಲ್ಲ. ಹೆಸರಿನ ನಿಯಮ ಎಲ್ಲರಿಗೂ ಒಂದೇ ಆಗಿರಲಿ ಎಂದು. ಶೆಡ್ಯೂಲ್ಡ್ ಕಾಸ್ಟ್ಸ್, ಶೆಡ್ಯೂಲ್ಡ್ ಟ್ರೈಬ್ಸ್ ಎಂಬವು ಸಂವಿಧಾನದಲ್ಲಿ ದೊಡ್ಡಕ್ಷರದಲ್ಲಿರುವುದೂ ಅವು ವ್ಯಾಖ್ಯಾನಗೊಂಡ ಹೆಸರುಗಳಾದ್ದರಿಂದ. ನಿಯಮ ಹೆಸರಿಗೆ ಸಂಬಂಧಿಸಿದ್ದಾದರೆ ಮಾತ್ರ ಅದನ್ನು ಸಮಾನವಾಗಿ ಕೇಳಲು ಸಾಧ್ಯ. ನಿಯಮ ಗೌರವದ್ದಾದರೆ ಅಧಿಕಾರ ಇದ್ದವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ ಎಂಬುದು ನಿಯಮದೊಳಗೇ ಸೇರಿಬಿಡುತ್ತದೆ.

ದೇವರ ವಿಷಯ ಎತ್ತುವವರಿದ್ದಾರೆ. ದೇವರನ್ನು ಕುರಿತ ಹೀ, ಹಿಮ್ ಮೊದಲಾದ ಸರ್ವನಾಮಗಳಿಗೆ ದೊಡ್ಡಕ್ಷರ ಹಾಕುವುದು ಭಕ್ತಿಯಲ್ಲವೇ ಎಂದು ಕೇಳುತ್ತಾರೆ. ಹಾಗೆ ಬರೆಯುವವರ ಭಕ್ತಿಯನ್ನು ಯಾರೂ ಪ್ರಶ್ನಿಸಬೇಕಿಲ್ಲ. ಆದರೆ ಇಂಗ್ಲಿಷ್ ಕ್ರೈಸ್ತರು ಶತಮಾನಗಳ ಕಾಲ ಓದಿದ 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಆ ಸರ್ವನಾಮಗಳು ಸಣ್ಣಕ್ಷರದಲ್ಲಿವೆ. ಅದೇ ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಲಾರ್ಡ್ ಪದವನ್ನು ಕೆಲವೆಡೆ ನಾಲ್ಕೂ ಅಕ್ಷರ ದೊಡ್ಡದಾಗಿ, ಕೆಲವೆಡೆ ಮೊದಲನೆಯದು ಮಾತ್ರ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಹೀಬ್ರೂ ಮೂಲದಲ್ಲಿ ದೇವರ ಸ್ವಂತ ಹೆಸರು ಬರುವ ಕಡೆ ಮೊದಲ ರೂಪ, ಒಡೆಯ ಎಂಬ ಸಾಮಾನ್ಯ ಪದ ಬರುವ ಕಡೆ ಎರಡನೆಯದು. ಭಕ್ತಿಯೇ ಉಸಿರಾದ ಪುಸ್ತಕದಲ್ಲೂ ದೊಡ್ಡಕ್ಷರದ ಕೆಲಸ ಹೆಸರನ್ನು ಗುರುತಿಸುವುದೇ ಆಗಿತ್ತು.

ಇನ್ನೊಂದು ಆಕ್ಷೇಪ ಸ್ವಾಭಿಮಾನದ್ದು. ಶಿಕಾಗೊದವರು, ಲಂಡನ್ನಿನವರು ಹೇಳಿದ್ದೇ ನಮಗೆ ವೇದವೇ? ಭಾರತದ ಇಂಗ್ಲಿಷಿಗೆ ಅದರದೇ ರೂಢಿ ಇರಬಾರದೇ? ಖಂಡಿತ ಇರಬಹುದು, ಇರಲಿ. ಆದರೆ ರೂಢಿ ಎಂದ ಮೇಲೆ ಅದಕ್ಕೊಂದು ಕಟ್ಟಳೆ ಬೇಕು. ನಮ್ಮ ಸುತ್ತೋಲೆಗಳಲ್ಲಿ ನಡೆಯುವುದು ಬೇರೆ: ಸ್ಟೇಷನ್ ಸೂಪರಿಂಟೆಂಡೆಂಟರಿಗೆ ದೊಡ್ಡಕ್ಷರ, ಪ್ರಯಾಣಿಕನಿಗೆ ಸಣ್ಣಕ್ಷರ, ಡಾಕ್ಟರಿಗೆ ದೊಡ್ಡದು, ನರ್ಸಿಗೆ ಬರೆದವರ ಮನಸ್ಸು ಬಂದಂತೆ, ವಾರ್ಡಿನ ಆಯಾಗೆ ಸಣ್ಣದು, ಜಿಲ್ಲಾಧಿಕಾರಿಗೆ ದೊಡ್ಡದು, ರೈತನಿಗೆ ಸಣ್ಣದು. ಸಂಬಳದ ಶ್ರೇಣಿಯನ್ನು ಅಕ್ಷರದ ಗಾತ್ರದಲ್ಲಿ ಬರೆದಿಟ್ಟ ಹಾಗೆ ಇದು. ಇದನ್ನು ಭಾರತೀಯತೆ ಎನ್ನುವ ಬದಲು ಕಚೇರಿಯ ಮೇಲು-ಕೀಳು ಎಂದರೆ ಸರಿಹೋಗುತ್ತದೆ. ದುಡಿಯುವವರು ಮಾತ್ರ ತಮ್ಮ ಮರ್ಯಾದೆಯನ್ನು ಅಕ್ಷರದಲ್ಲಿ ಹುಡುಕಲಿಲ್ಲ. ಸಿಯಾಲ್ದಾದಂಥ ನಿಲ್ದಾಣದಲ್ಲಿ ತಲೆಯ ಮೇಲೆ ಮೂಟೆ ಹೊರುವವರನ್ನು ಕೂಲಿ ಎನ್ನದೆ ಸಹಾಯಕ ಎನ್ನಬೇಕೆಂದ ಘೋಷಣೆ ಬಂದದ್ದು 2016ರ ರೈಲ್ವೆ ಬಜೆಟ್ಟಿನಲ್ಲಿ. ಗಾರ್ಡುಗಳ ಬಹುಕಾಲದ ಬೇಡಿಕೆಗೆ ಓಗೊಟ್ಟು ರೈಲ್ವೆ ಮಂಡಳಿ 2022ರ ಜನವರಿಯಲ್ಲಿ ಅವರ ಹುದ್ದೆಯನ್ನು ಟ್ರೈನ್ ಮ್ಯಾನೇಜರ್ ಎಂದು ಬದಲಿಸಿತು. ಕೇಳಿದ್ದೂ ಸಿಕ್ಕಿದ್ದೂ ಬೇರೆ ಪದ. ಗಾರ್ಡ್ ಪದದ ಜಿ ಅಕ್ಷರವನ್ನು ದೊಡ್ಡದು ಮಾಡಿದರೆ ಸಾಕೆಂದು ಅವರು ಹೇಳಲಿಲ್ಲ.

ಉಳಿದದ್ದು ಜಾಣರ ವಾದ: ಸಂಶಯ ಬಂದಾಗಲೆಲ್ಲ ದೊಡ್ಡಕ್ಷರ ಹಾಕಿಬಿಟ್ಟರೆ ಕ್ಷೇಮ, ಯಾರಿಗೂ ನಷ್ಟವಿಲ್ಲ. ನಷ್ಟವಿದೆ, ಅದೂ ಹೆಸರುಗಳಿಗೇ. ಸಿಯಾಲ್ದಾದಿಂದ ಮುರ್ಷಿದಾಬಾದ್ ಜಿಲ್ಲೆಯ ಲಾಲ್‌ಗೋಲಾಕ್ಕೆ ರೈಲುಗಳಿವೆ. ಮುಸ್ಲಿಮರೇ ಹೆಚ್ಚಿರುವ ಆ ಸೀಮೆಯ ಅನೇಕ ಗಂಡಸರ ಹೆಸರು ಇಂಗ್ಲಿಷಿನಲ್ಲಿ ಎಂ ಮತ್ತು ಡಿ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ. ಎಂ ದೊಡ್ಡದು, ಡಿ ಸಣ್ಣದು, ಪಕ್ಕದಲ್ಲೊಂದು ಚುಕ್ಕೆ. ಅದು ಮೊಹಮ್ಮದ್ ಎಂಬುದರ ಸಂಕ್ಷೇಪ. ಶೇಖ್ ಎಂಬುದಕ್ಕೆ ಹಾಗೆಯೇ ಎಸ್ ಮತ್ತು ಕೆ. ಟಿಕೆಟ್ಟು, ಸೀಟು ಕಾಯ್ದಿರಿಸಿದವರ ಪಟ್ಟಿ, ಅರ್ಜಿ ನಮೂನೆ ಎಲ್ಲವೂ ಪೂರ್ತಿ ದೊಡ್ಡಕ್ಷರದಲ್ಲಿರುವುದರಿಂದ ಮೊಹಮ್ಮದ್ ಹೋಗಿ ವೈದ್ಯರ ಡಿಗ್ರಿಯೋ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರೋ ಆಗುವ ಎಂಡಿ ಉಳಿಯುತ್ತದೆ. ಶೇಖ್ ಹೋಗಿ ಅಪ್ಪನ ಹೆಸರು, ಊರಿನ ಹೆಸರುಗಳ ಇನಿಷಿಯಲ್ಲಿನಂತೆ ಕಾಣುವ ಎಸ್‌ಕೆ ಉಳಿಯುತ್ತದೆ. ಕೈಬರಹ ಓದಲು ಸುಲಭವಾಗಲೆಂದು ಬಂದ ಬ್ಲಾಕ್ ಲೆಟರ್ ನಿಯಮಕ್ಕೆ ಅದರದೇ ಉಪಯೋಗವಿದೆ. ಅದನ್ನು ಉಪಯೋಗವೆಂದು ಒಪ್ಪೋಣ, ಮರ್ಯಾದೆಯೆಂದು ಕರೆಯುವುದು ಬೇಡ. ಬ್ರಿಟನ್ 1960ರ ದಶಕದ ತನ್ನ ಹೊಸ ರಸ್ತೆ ಫಲಕಗಳಲ್ಲಿ ಊರಿನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ದೊಡ್ಡದಾಗಿಟ್ಟಿತು, ಅಮೆರಿಕದ 2009ರ ಸಂಚಾರ ಕೈಪಿಡಿಯೂ ಅದನ್ನೇ ವಿಧಿಸಿತು. ಯಾವ ಊರಿನ ಮಾನವೂ ಅದರಿಂದ ಹೋಗಲಿಲ್ಲ.

ಕರ್ನಾಟಕದಲ್ಲಿ ಇದೇ ಕತೆಯ ಎರಡು ಅಧ್ಯಾಯ ಇತ್ತೀಚೆಗೆ ನಡೆದಿವೆ. ಬೆಂಗಳೂರು ನಗರ ರೈಲು ನಿಲ್ದಾಣಕ್ಕೆ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂತು. ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ರೈಲು ಓಡಾಟ ಆರಂಭಿಸಿದ ಟರ್ಮಿನಲ್ಲಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಕ್ರಾಂತಿವೀರ ಎಂಬುದು ಜನ ಕೊಟ್ಟ ಬಿರುದು, ಸರ್ ಎಂಬುದು 1915ರಲ್ಲಿ ಬ್ರಿಟಿಷ್ ಸರ್ಕಾರ ಕೊಟ್ಟದ್ದು. ರೈಲ್ವೆಯ ಇಂಗ್ಲಿಷ್ ಫಲಕದಲ್ಲೂ ಟಿಕೆಟ್ಟಿನಲ್ಲೂ ಎರಡು ಬಿರುದುಗಳೂ ಒಂದೊಂದು ದೊಡ್ಡಕ್ಷರವಾಗಿ ಕೆಎಸ್‌ಆರ್, ಎಸ್‌ಎಂವಿಟಿ ಎಂಬ ಕಟ್ಟಿನೊಳಗೆ ಕರಗಿಹೋಗಿವೆ. ಅಲ್ಲಿನ ಎಸ್ ಸರ್ ಎಂದು ಹೊಳೆಯದೆ ಟರ್ಮಿನಲ್ಲಿನಿಂದ ಆಟೊ ಹಿಡಿಯುವವರು ದಿನವೂ ಸಾವಿರಾರು. ಕನ್ನಡ ಫಲಕದಲ್ಲಿ ದೊಡ್ಡದು ಸಣ್ಣದು ಎಂಬ ಭೇದವೇ ಇಲ್ಲ. ಆದರೂ ಹೆಸರನ್ನು ಪೂರ್ತಿ ಬರೆದಲ್ಲಿ ರಾಯಣ್ಣನೂ ಕಾಣುತ್ತಾನೆ, ಅವನ ಕ್ರಾಂತಿಯೂ ಕಾಣುತ್ತದೆ. ಕನ್ನಡ ಮುದ್ರಣದ ಮಾತಿಗೆ ಬಂದರೆ, ಮಿಷನರಿ ವಿಲಿಯಂ ಕೇರಿ 1817ರಲ್ಲಿ ಸಿರಾಂಪುರದ ಮಿಷನ್ ಮುದ್ರಣಾಲಯದಿಂದ ಕನ್ನಡ ವ್ಯಾಕರಣವನ್ನು ಹೊರತಂದನು. ಸಿಯಾಲ್ದಾ ಮಾರ್ಗದ ಬ್ಯಾರಕ್‌ಪುರದಿಂದ ಹೂಗ್ಲಿ ನದಿ ದಾಟಿದರೆ ಸಿಗುವ ಊರು ಅದು. ಆಗಿನಿಂದ ಇವತ್ತಿನವರೆಗೆ ಕನ್ನಡ ಮುದ್ರಣಕ್ಕೆ ದೊಡ್ಡಕ್ಷರದ ಕೊರತೆ ಕಾಡಿಲ್ಲ. ಮಂತ್ರಿಗಳಿಗೆ ಕನ್ನಡ ಪತ್ರಿಕೆಗಳಲ್ಲಿ ಗೌರವ ಕಡಿಮೆಯಾಯಿತೆಂದೂ ಯಾರೂ ದೂರಿಲ್ಲ.

ಹಾಗಾದರೆ ಬರೆಯುವವರು ಮಾಡಬೇಕಾದದ್ದೇನು? ಹೆಸರಿಗೆ ಮುಂಚೆ ಅಂಟಿಕೊಂಡು ಬಂದ ಪದವಿಗೆ ದೊಡ್ಡಕ್ಷರ ಇರಲಿ, ಏಕೆಂದರೆ ಅಲ್ಲಿ ಅದು ಹೆಸರಿನ ಭಾಗ. ಪದವಿ ಒಂಟಿಯಾಗಿ ಬಂದಾಗ, ಹೆಸರಿನ ನಂತರ ವಿವರಣೆಯಾಗಿ ಬಂದಾಗ, ಮಾಜಿ, ಭಾವಿ, ಒಬ್ಬ, ಕೆಲವರು ಎಂಬ ಮಾತುಗಳೊಂದಿಗೆ ಬಂದಾಗ ಸಣ್ಣಕ್ಷರ. ಸಂಸ್ಥೆಯ ಪೂರ್ಣ ಹೆಸರಿಗೆ ದೊಡ್ಡಕ್ಷರ, ಅದನ್ನೇ ಮುಂದೆ ಕಾಲೇಜು, ನ್ಯಾಯಾಲಯ, ರೈಲ್ವೆ ಎಂದಷ್ಟೇ ಹೇಳುವಾಗ ಸಣ್ಣಕ್ಷರ. ಕರಾರುಪತ್ರದಲ್ಲಿ ವ್ಯಾಖ್ಯಾನ ಕೊಟ್ಟ ಪದಕ್ಕೆ ದೊಡ್ಡಕ್ಷರ, ಕೊಡದ ಪದಕ್ಕೆ ಇಲ್ಲ. ವ್ಯಕ್ತಿಯ ಹೆಸರನ್ನು ಆ ವ್ಯಕ್ತಿ ಹೇಗೆ ಬರೆಯುತ್ತಾರೋ ಹಾಗೆ ಬರೆಯಬೇಕು. ತಮ್ಮ ಹೆಸರನ್ನು ಸಣ್ಣಕ್ಷರದಲ್ಲೇ ಬರೆಯಬೇಕೆಂದ ಅಮೆರಿಕದ ಲೇಖಕಿ ಬೆಲ್ ಹುಕ್ಸ್ ಅವರನ್ನು ತಿದ್ದುವ ಅಧಿಕಾರ ಯಾವ ಸಂಪಾದಕನಿಗೂ ಇಲ್ಲ. ವಿಳಾಸದ ಸಾಲು, ಸಹಿಯ ಕೆಳಗಿನ ಹುದ್ದೆ, ಕಚೇರಿಯ ಬಾಗಿಲಿನ ಫಲಕ ಇವು ವಾಕ್ಯಗಳಲ್ಲದ್ದರಿಂದ ಅಲ್ಲಿ ದೊಡ್ಡಕ್ಷರ ಇದ್ದರೆ ಜಗಳವಿಲ್ಲ. ಶಿಷ್ಟಾಚಾರದ ಕೈಪಿಡಿ ಕಡ್ಡಾಯ ಮಾಡಿದ ಕಡೆ ಗುಮಾಸ್ತ ಅದನ್ನು ಪಾಲಿಸಲಿ. ಅವನ ನೌಕರಿ ನಮ್ಮ ವಾದಕ್ಕಿಂತ ದೊಡ್ಡದು. ಬದಲಾಗಬೇಕಾದವರು ತಿದ್ದುವ ಕುರ್ಚಿಯಲ್ಲಿರುವವರು: ಸಂಪಾದಕರು, ಇಂಗ್ಲಿಷ್ ಮೇಷ್ಟ್ರುಗಳು, ಕರಡಿಗೆ ಸಹಿ ಹಾಕುವ ಅಧಿಕಾರಿಗಳು.

ಗೌರವ ತೋರಿಸಬೇಕೆಂಬ ಹಂಬಲಕ್ಕೆ ಇಂಗ್ಲಿಷಿನಲ್ಲೂ ದಾರಿಗಳಿವೆ. ಹೆಸರನ್ನು ಮೊಟಕು ಮಾಡದೆ ಪೂರ್ತಿ ಬರೆಯುವುದು, ಸ್ಪೆಲ್ಲಿಂಗ್ ತಪ್ಪದಿರುವುದು, ಅವರು ಮಾಡಿದ ಕೆಲಸ ಏನೆಂದು ಒಂದು ವಾಕ್ಯ ಸೇರಿಸುವುದು, ಪತ್ರದ ಧಾಟಿಯನ್ನು ಸಭ್ಯವಾಗಿಡುವುದು. ಪ್ರಫುಲ್ಲಚಂದ್ರರು ಬೆಂಗಾಲ್ ಕೆಮಿಕಲ್ಸ್ ಕಟ್ಟಿದವರು ಎಂದು ಬರೆದರೆ ಸಿಗುವ ಗೌರವ ಎಪಿಸಿ ಎಂಬ ಮೂರು ದೊಡ್ಡಕ್ಷರಗಳಲ್ಲಿ ಸಿಗದು. ಇವೆಲ್ಲಕ್ಕೂ ಬರೆಯುವವರು ಸ್ವಲ್ಪ ಶ್ರಮ ಪಡಬೇಕು. ಶಿಫ್ಟ್ ಕೀಲಿ ಒತ್ತಿ ಗೌರವ ಮುಗಿಸಿದೆವು ಎಂದುಕೊಳ್ಳುವುದು ಆ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ. ಆದ್ದರಿಂದ ಸಂಶಯ ಬಂದಾಗ ಸಣ್ಣಕ್ಷರವೇ ಇರಲಿ, ರುಜುವಾತಿನ ಹೊಣೆ ದೊಡ್ಡಕ್ಷರದ ಮೇಲಿರಲಿ. ಅದನ್ನು ಒತ್ತುವ ಮೊದಲು ಬರೆಯುವವರು ಇದು ಯಾರ ಅಥವಾ ಯಾವುದರ ಹೆಸರು ಎಂದು ಕೇಳಿಕೊಳ್ಳಲಿ. ಉತ್ತರ ಸಿಕ್ಕರೆ ದೊಡ್ಡಕ್ಷರ ತನ್ನ ಕೆಲಸ ಮಾಡುತ್ತದೆ. ಇವರು ದೊಡ್ಡವರು ಎಂಬುದೊಂದೇ ಉತ್ತರವಾದರೆ, ಅವರ ದೊಡ್ಡತನವನ್ನು ಹೇಳಲು ಒಂದು ವಾಕ್ಯ ಬರೆಯಬೇಕು.